ಗುರು ಶಿಖರದ ಒಂದು ದಿನದ ನಡಿಗೆ: ಸೂರ್ಯಾಸ್ತದಿಂದ ಹಿಂದಕ್ಕೆ ಎಣಿಸಬೇಕಾದ ಯಾತ್ರೆ

ಕರ್ನಾಟಕದಿಂದ ಮೌಂಟ್ ಅಬುಗೆ ಹೋಗುವ ಜೈನ ಕುಟುಂಬಗಳು ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತವೆ. ಒಂದು, ದಿಲ್ವಾರ ಜಿನಮಂದಿರಗಳ ದರ್ಶನ. ಇನ್ನೊಂದು, ಜೀಪು ಹತ್ತಿ ಗುರು ಶಿಖರಕ್ಕೆ ಹೋಗಿ, ಗಾಳಿಯಲ್ಲಿ ಹತ್ತು ನಿಮಿಷ ನಿಂತು, ಫೋಟೊ ತೆಗೆಸಿಕೊಂಡು ಇಳಿದು ಬರುವುದು. ದಿಲ್ವಾರದಿಂದ ಶಿಖರದವರೆಗಿನ ಸುಮಾರು 12 ಕಿಲೋಮೀಟರ್ ದಾರಿಯನ್ನು ನಡೆದೇ ಹೋಗುವವರು ಕಡಿಮೆ. ಆದರೆ ಅಬು ಪರ್ವತ ಏನೆಂದು ತಿಳಿಯುವುದು ಆ ದಾರಿಯಲ್ಲಿಯೇ.

ನಡೆಯಬೇಕೆಂದು ನಿರ್ಧರಿಸಿದ ಕುಟುಂಬ ಮೊದಲು ಬಗೆಹರಿಸಿಕೊಳ್ಳಬೇಕಾದದ್ದು ಸಮಯದ ಪ್ರಶ್ನೆ. ಚಾರಣದ ಪುಸ್ತಕಗಳು ಬೆಳಗ್ಗೆ ಎಷ್ಟು ಗಂಟೆಗೆ ಹೊರಡಬೇಕು ಎಂಬಲ್ಲಿಂದ ಲೆಕ್ಕ ಆರಂಭಿಸುತ್ತವೆ. ರಾತ್ರಿ ಭೋಜನ ತ್ಯಾಗ ಮಾಡಿದ ಶ್ರಾವಕರಿಗೆ ಆ ಲೆಕ್ಕ ಹೊಂದುವುದಿಲ್ಲ. ಅವರು ಸೂರ್ಯಾಸ್ತದಿಂದ ಹಿಂದಕ್ಕೆ ಎಣಿಸಬೇಕು. ಹಾಗೆ ಎಣಿಸಿದರೆ ಈ ಬೆಟ್ಟ ಒಂದು ದಿನಕ್ಕೆ ಸರಿಯಾಗಿ ಹಿಡಿಸುತ್ತದೆ. ಎಣಿಸದಿದ್ದರೆ ಸಂಜೆಯ ಊಟ ತಪ್ಪುತ್ತದೆ ಅಥವಾ ವ್ರತ ತಪ್ಪುತ್ತದೆ, ಕರಡಿಗಳಿರುವ ಕಾಡಿನ ದಾರಿಯಲ್ಲಿ ಕತ್ತಲೆಯೂ ಆಗುತ್ತದೆ.

ಮರಳಿನ ರಾಜ್ಯದಲ್ಲಿ ಹಸಿರು ಬೆಟ್ಟ

ರಾಜಸ್ಥಾನದ ನೈಋತ್ಯ ಭಾಗದಲ್ಲಿ, ಗುಜರಾತಿನ ಗಡಿಗೆ ಹತ್ತಿರವಾಗಿ, ಸಿರೋಹಿ ಜಿಲ್ಲೆಯಲ್ಲಿ ಅಬು ಪರ್ವತವಿದೆ. ಅರಾವಳಿ ಶ್ರೇಣಿಗೆ ಸೇರಿದ್ದರೂ ಇದು ಶ್ರೇಣಿಯಿಂದ ಸ್ವಲ್ಪ ಬೇರ್ಪಟ್ಟು, ಬಯಲಿನ ನಡುವೆ ಒಂಟಿಯಾಗಿ ಎದ್ದು ನಿಂತಿದೆ. ಕೆಳಗಿನ ಅಬು ರೋಡ್ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 260 ಮೀಟರ್ ಎತ್ತರದಲ್ಲಿದೆ. 28 ಕಿಲೋಮೀಟರ್ ಘಾಟಿ ರಸ್ತೆ ಹತ್ತಿದರೆ ಸಿಗುವ ಮೌಂಟ್ ಅಬು ಪಟ್ಟಣ ಸುಮಾರು 1,200 ಮೀಟರ್ ಎತ್ತರದಲ್ಲಿದೆ. ಗುರು ಶಿಖರದ ಎತ್ತರ 1,722 ಮೀಟರ್. ಇಡೀ ಅರಾವಳಿಯಲ್ಲಿಯೂ ರಾಜಸ್ಥಾನದಲ್ಲಿಯೂ ಇದಕ್ಕಿಂತ ಎತ್ತರದ ಜಾಗವಿಲ್ಲ.

ಈ ಎತ್ತರವೇ ಬೆಟ್ಟವನ್ನು ಹಸಿರಾಗಿಟ್ಟಿದೆ. ಅರಬ್ಬೀ ಸಮುದ್ರದ ಕಡೆಯಿಂದ ಬರುವ ಮುಂಗಾರು ಗಾಳಿಗೆ ಆ ಬಯಲಿನಲ್ಲಿ ಅಡ್ಡ ಸಿಗುವ ದೊಡ್ಡ ಗೋಡೆ ಅಬು. ಗಾಳಿ ಮೇಲೇರಿ, ತಣ್ಣಗಾಗಿ, ಮಳೆಯಾಗಿ ಸುರಿಯುತ್ತದೆ. ಜೈಸಲ್ಮೇರಿನ ಕಡೆ ವರ್ಷಕ್ಕೆ 20 ಸೆಂಟಿಮೀಟರ್ ಮಳೆಯೂ ಕಷ್ಟ. ಅದೇ ರಾಜ್ಯದ ಅಬುವಿನಲ್ಲಿ ಸರಾಸರಿ 150 ಸೆಂಟಿಮೀಟರಿನಷ್ಟು ಮಳೆ ಬೀಳುತ್ತದೆ. ರಾಜಸ್ಥಾನದಲ್ಲಿ ಅತಿ ಹೆಚ್ಚು ಮಳೆಯಾಗುವ ಸ್ಥಳವಿದು. ಆದ್ದರಿಂದಲೇ ಇಲ್ಲಿ ಖರ್ಜೂರದ ಮರಗಳ ಪಕ್ಕದಲ್ಲಿ ಮಾವು, ಬಂಡೆಗಳ ಸಂದಿಯಲ್ಲಿ ಕಾಡುಗುಲಾಬಿ, ಮರದ ಕೊಂಬೆಗಳ ಮೇಲೆ ಸೀತಾಳೆ ಗಿಡಗಳು ಕಾಣುತ್ತವೆ.

ಬೆಟ್ಟದ ಕಲ್ಲು ಗ್ರಾನೈಟ್. ಸುಮಾರು 76 ಕೋಟಿ ವರ್ಷಗಳ ಹಿಂದೆ ನೆಲದೊಳಗೆ ಕರಗಿದ ಶಿಲೆ ನಿಧಾನವಾಗಿ ಗಟ್ಟಿಯಾಗಿ ರೂಪುಗೊಂಡ ಈ ಕಲ್ಲು, ಮೇಲಿನ ಪದರಗಳು ಸವೆದುಹೋದ ಮೇಲೆ ಹೊರಗೆ ಬಂದಿದೆ. ಗಾಳಿ, ಮಳೆ, ಬಿಸಿಲು ಅದರ ಮೂಲೆಗಳನ್ನು ತೇಯ್ದು ಗುಂಡು ಮಾಡಿವೆ. ದಾರಿಯುದ್ದಕ್ಕೂ ಕಾಣುವ ಆನೆ, ಕಪ್ಪೆಗಳ ಆಕಾರದ ಬಂಡೆಗಳು ಹೀಗೆ ಆದವು. ಶ್ರವಣಬೆಳಗೊಳದ ಇಂದ್ರಗಿರಿಯನ್ನು ಹತ್ತಿದವರಿಗೆ ಈ ಬೋಳುಬಂಡೆಗಳ ನುಣುಪು ಪರಿಚಿತವೆನಿಸುತ್ತದೆ.

ಪ್ರವಾಸದ ಕೈಪಿಡಿಗಳಲ್ಲಿ ಒಂದು ಮಾತು ಪದೇ ಪದೇ ಬರುತ್ತದೆ: ಹಿಮಾಲಯಕ್ಕೂ ನೀಲಗಿರಿಗೂ ನಡುವೆ ಗುರು ಶಿಖರವೇ ಅತಿ ಎತ್ತರ ಎಂದು. ಕನ್ನಡಿಗರು ಇದನ್ನು ನಂಬಬೇಕಾಗಿಲ್ಲ. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ 1,900 ಮೀಟರನ್ನು ದಾಟುತ್ತದೆ, ಅದು ನೀಲಗಿರಿಗಿಂತ ಉತ್ತರದಲ್ಲಿಯೇ ಇದೆ. ಹಾಗೆಂದು ಗುರು ಶಿಖರದ ಹಿರಿಮೆಗೆ ಕುಂದೇನಿಲ್ಲ. ಬಯಲಿನಿಂದ ಒಮ್ಮೆಲೇ 1,400 ಮೀಟರಿಗೂ ಹೆಚ್ಚು ಎದ್ದು ನಿಲ್ಲುವ ಬೆಟ್ಟ ಪಶ್ಚಿಮ ಭಾರತದ ಆ ಭಾಗದಲ್ಲಿ ಬೇರೊಂದಿಲ್ಲ.

ಇಬ್ಬರು ಮಂತ್ರಿಗಳು, ಎರಡು ಬೆಟ್ಟಗಳು

ಅಬುವಿನ ಹಳೆಯ ಹೆಸರು ಅರ್ಬುದಾಚಲ. ಹದಿನಾಲ್ಕನೆಯ ಶತಮಾನದಲ್ಲಿ ಆಚಾರ್ಯ ಜಿನಪ್ರಭಸೂರಿಗಳು ರಚಿಸಿದ ‘ವಿವಿಧ ತೀರ್ಥಕಲ್ಪ’ದಲ್ಲಿ ಈ ಪರ್ವತಕ್ಕೇ ಒಂದು ಕಲ್ಪ ಮೀಸಲಾಗಿದೆ. ಜೈನರ ಪಾಲಿಗೆ ಈ ಬೆಟ್ಟದ ಮಹಿಮೆ ಬೆಳೆದದ್ದು ಮುಖ್ಯವಾಗಿ ದಿಲ್ವಾರದ ಐದು ಶ್ವೇತಾಂಬರ ಮಂದಿರಗಳಿಂದ. ಮೊದಲನೆಯದಾದ ವಿಮಲ ವಸಹಿಯನ್ನು ಗುಜರಾತಿನ ಚಾಲುಕ್ಯ ದೊರೆ ಒಂದನೆಯ ಭೀಮದೇವನ ದಂಡನಾಯಕನಾಗಿದ್ದ ವಿಮಲಶಾಹ 1031ರಲ್ಲಿ ಕಟ್ಟಿಸಿದ. ಮೂಲನಾಯಕ ಆದಿನಾಥ ಸ್ವಾಮಿ.

ಕರ್ನಾಟಕದ ಓದುಗರಿಗೆ ಈ ಇಸವಿ ಒಂದು ಹೋಲಿಕೆಯನ್ನು ನೆನಪಿಗೆ ತರುತ್ತದೆ. ಗಂಗರ ಮಂತ್ರಿಯೂ ಸೇನಾಪತಿಯೂ ಆಗಿದ್ದ ಚಾವುಂಡರಾಯ ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನನ್ನು ನಿಲ್ಲಿಸಿದ್ದು 981ರಲ್ಲಿ. ಐವತ್ತು ವರ್ಷಗಳ ಅಂತರದಲ್ಲಿ ಇಬ್ಬರು ಜೈನ ದಂಡನಾಯಕರು, ಒಬ್ಬ ದಿಗಂಬರ, ಇನ್ನೊಬ್ಬ ಶ್ವೇತಾಂಬರ, ಎರಡು ಗ್ರಾನೈಟ್ ಬೆಟ್ಟಗಳನ್ನು ಆರಿಸಿಕೊಂಡರು. ಚಾವುಂಡರಾಯನ ಶಿಲ್ಪಿಗಳು ಬೆಟ್ಟದ ಕಲ್ಲಿನಲ್ಲಿಯೇ ಮೂರ್ತಿಯನ್ನು ಕಂಡರು. ವಿಮಲಶಾಹನ ಶಿಲ್ಪಿಗಳಿಗೆ ಬೇಕಾಗಿದ್ದದ್ದು ಅಮೃತಶಿಲೆ, ಅದು ಅಬುವಿನಲ್ಲಿ ಇಲ್ಲ. ಅಂಬಾಜಿಯ ಹತ್ತಿರದ ಆರಾಸಣದ ಗಣಿಗಳಿಂದ ಅದನ್ನು ತಂದು ಈ ಬೆಟ್ಟದ ಮೇಲಕ್ಕೆ ಏರಿಸಿದರು. ಇಂದು ಬರಿಗೈಯಲ್ಲಿ ದಾರಿ ಹತ್ತುವವರು ಏದುಸಿರು ಬಿಡುವಾಗ, ಆ ಕಲ್ಲು ಹೊತ್ತು ಹತ್ತಿದವರ ನೆನಪಾಗದೆ ಇರದು.

ಲೂಣ ವಸಹಿಯನ್ನು ಮಂತ್ರಿ ಸಹೋದರರಾದ ವಸ್ತುಪಾಲ–ತೇಜಪಾಲರು ತೀರಿಹೋದ ತಮ್ಮ ಅಣ್ಣ ಲೂಣಿಗನ ನೆನಪಿಗಾಗಿ ಕಟ್ಟಿಸಿದರು. 1230ರ ವೇಳೆಗೆ ಅಲ್ಲಿ ನೇಮಿನಾಥ ಸ್ವಾಮಿಯ ಪ್ರತಿಷ್ಠೆ ನಡೆಯಿತು. ಇದರ ಬಗ್ಗೆ ಪ್ರಬಂಧ ಗ್ರಂಥಗಳಲ್ಲಿ ಬರುವ ಒಂದು ಕಥೆ ಬೆಟ್ಟ ಹತ್ತುವವರಿಗೆ ಉಪಯುಕ್ತವಾದದ್ದು. ಕೆಲಸ ಬಹಳ ನಿಧಾನವಾಗಿ ಸಾಗುತ್ತಿತ್ತಂತೆ. ಕಾರಣ ಕೇಳಿದಾಗ, ಬೆಟ್ಟದ ಚಳಿಗೆ ಬೆಳಗ್ಗೆ ಶಿಲ್ಪಿಗಳ ಕೈ ಮರಗಟ್ಟುತ್ತದೆ, ಮಧ್ಯಾಹ್ನ ಅವರೇ ಅಡುಗೆ ಮಾಡಿಕೊಳ್ಳಬೇಕಾಗಿರುವುದರಿಂದ ಹೊತ್ತು ಹೋಗುತ್ತದೆ ಎಂದು ತಿಳಿಯಿತು. ತೇಜಪಾಲನ ಪತ್ನಿ ಅನುಪಮಾದೇವಿ ಶಿಲ್ಪಿಗಳಿಗೆ ಅಗ್ಗಿಷ್ಟಿಕೆ ಇಡಿಸಿ, ಊಟದ ವ್ಯವಸ್ಥೆ ಮಾಡಿಸಿದಳು. ಕೆಲಸ ಸಾಗಿತು. ಅಬುವಿನಲ್ಲಿ ಚಳಿಯನ್ನೂ ಊಟದ ಸಮಯವನ್ನೂ ಮೊದಲೇ ಯೋಚಿಸಬೇಕು ಎಂಬ ಪಾಠ ಎಂಟುನೂರು ವರ್ಷ ಹಳೆಯದು.

ಹದಿನಾಲ್ಕನೆಯ ಶತಮಾನದ ಆರಂಭದ ದಾಳಿಯಲ್ಲಿ ಈ ಎರಡೂ ಮಂದಿರಗಳಿಗೆ ಹಾನಿಯಾಗಿ, 1322ರ ವೇಳೆಗೆ ಜೀರ್ಣೋದ್ಧಾರ ನಡೆಯಿತು. ಪಿತ್ತಲಹರ ಆದಿನಾಥ, ಮೂರು ಅಂತಸ್ತಿನ ಪಾರ್ಶ್ವನಾಥ, ಚಿಕ್ಕದಾದ ಮಹಾವೀರ ಸ್ವಾಮಿ ಮಂದಿರಗಳು ಅನಂತರದವು. ದಿಲ್ವಾರದಲ್ಲಿ ದಿಗಂಬರ ಮಂದಿರವೂ ಇದೆ. ಕರ್ನಾಟಕದ ದಿಗಂಬರ ಯಾತ್ರಿಕರು ಎಷ್ಟೋ ಬಾರಿ ಇದನ್ನು ಗಮನಿಸದೆಯೇ ಹಿಂದಿರುಗುತ್ತಾರೆ.

ದಿನದ ಲೆಕ್ಕ

ಹೆಚ್ಚಿನ ಕುಟುಂಬಗಳು ಮಕ್ಕಳ ರಜೆಗೆ ಹೊಂದಿಸಿಕೊಂಡು ಡಿಸೆಂಬರ್ ಕೊನೆಯಲ್ಲಿ ಹೋಗುತ್ತವೆ. ಆಗ ಗಮನಿಸಬೇಕಾದ ಒಂದು ವಿಷಯವಿದೆ. ಅಬು ಬೆಂಗಳೂರಿಗಿಂತ ಪಶ್ಚಿಮಕ್ಕೂ ಉತ್ತರಕ್ಕೂ ಇದೆ. ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಸುಮಾರು 6-40ಕ್ಕೆ ಸೂರ್ಯ ಹುಟ್ಟಿದರೆ ಅಬುವಿನಲ್ಲಿ 7-20 ಆಗುತ್ತದೆ. ಆದರೆ ಸೂರ್ಯಾಸ್ತ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ, 6 ಗಂಟೆಯ ಆಸುಪಾಸಿನಲ್ಲಿ. ಅಂದರೆ ಊರಿನ ಅಭ್ಯಾಸದಂತೆ ದಿನವನ್ನು ಯೋಜಿಸಿದವರಿಗೆ ಬೆಳಗಿನ 40 ನಿಮಿಷ ಗೊತ್ತಿಲ್ಲದಂತೆ ಕಳೆದುಹೋಗುತ್ತದೆ.

ಈಗ ಹಿಂದಕ್ಕೆ ಎಣಿಸಿದರೆ ಲೆಕ್ಕ ಹೀಗೆ ಬರುತ್ತದೆ. ಸೂರ್ಯಾಸ್ತ 5-55. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಆಹಾರ ಮುಗಿಸುವ ನಿಯಮವಿರುವವರಿಗೆ 5-05ಕ್ಕೆ ಊಟ ಮುಗಿಯಬೇಕು. ಹಾಗಾದರೆ 4-30ಕ್ಕೆ ಎಲೆಯ ಮುಂದೆ ಕುಳಿತಿರಬೇಕು, 4-15ಕ್ಕೆ ವಸತಿಗೆ ಬಂದು ಕೈಕಾಲು ತೊಳೆದಿರಬೇಕು. ದಾರಿಯಲ್ಲಿ ಅಚಲಗಢದ ದರ್ಶನಕ್ಕೆ ಒಂದು ಗಂಟೆ ಬೇಕು. ಆದ್ದರಿಂದ ಶಿಖರದಿಂದ ವಾಹನದಲ್ಲಿ ಇಳಿಯಲು 2-30 ಕೊನೆಯ ಗಡುವು. ಶಿಖರದಲ್ಲಿ ಊಟ, ವಿಶ್ರಾಂತಿಗೆ ಒಂದು ಗಂಟೆ ಇಟ್ಟರೆ 1-30ರೊಳಗೆ ಮೇಲೆ ತಲುಪಬೇಕು. ದಿಲ್ವಾರದಿಂದ ಮೇಲಕ್ಕೆ, ನಡುನಡುವೆ ಕುಳಿತು ಏಳುವ ಹೊತ್ತೂ ಸೇರಿ, ಸಾಧಾರಣ ನಡಿಗೆಯವರಿಗೆ ನಾಲ್ಕೂವರೆ ಗಂಟೆ ಹಿಡಿಯುತ್ತದೆ. ಹೊರಡುವ ಸಮಯ 9 ಗಂಟೆ ಎಂದಾಯಿತು.

ಇನ್ನೊಂದು ತುದಿಯಿಂದ ನೋಡಿದರೂ ಅದೇ ಲೆಕ್ಕ. ನವಕಾರಸಿ ಮಾಡುವವರು ಸೂರ್ಯೋದಯದ ಅನಂತರ 48 ನಿಮಿಷ ಕಾಯುತ್ತಾರೆ. 7-20ಕ್ಕೆ ಸೂರ್ಯೋದಯವಾದರೆ 8-08ಕ್ಕೆ ಪಚ್ಚಖಾಣ ಮುಗಿಯುತ್ತದೆ. ತಿಂಡಿ ಮುಗಿಸಿ 8-45ಕ್ಕೆ ಹೊರಟರೆ ಕಾಲು ಗಂಟೆ ಉಳಿತಾಯವೇ ಇರುತ್ತದೆ. ಡಿಸೆಂಬರಿನ ಚಿಕ್ಕ ಹಗಲಿನೊಳಗೂ ಈ ಯಾತ್ರೆ ಹಿಡಿಸುತ್ತದೆ, ಆದರೆ ಇನ್ನೇನನ್ನೂ ತುರುಕಲು ಜಾಗವಿಲ್ಲ.

ಇದರಿಂದ ಎರಡು ತೀರ್ಮಾನಗಳು ಹೊರಡುತ್ತವೆ. ಒಂದು, ದಿಲ್ವಾರದ ಶಿಲ್ಪದರ್ಶನವನ್ನು ಅದೇ ದಿನಕ್ಕೆ ಸೇರಿಸಬಾರದು. ಬೆಳಗಿನ ಹೊತ್ತು ಅಲ್ಲಿ ಪೂಜೆಗೆ ಮೀಸಲು, ಪ್ರವಾಸಿಗರಿಗೆ ಪ್ರವೇಶ ಮಧ್ಯಾಹ್ನ 12ರ ಮೇಲೆ. ನಡಿಗೆಯ ದಿನ ಬೆಳಗ್ಗೆ ಪೂಜೆ, ದರ್ಶನ ಮಾಡಿ ಹೊರಡಬಹುದು. ಛತ್ತು, ತೋರಣ, ದೇವಕುಲಿಕೆಗಳನ್ನು ಒಂದೊಂದಾಗಿ ನೋಡಲು ಹಿಂದಿನ ಅಥವಾ ಮರುದಿನದ ಮಧ್ಯಾಹ್ನವನ್ನು ಇಟ್ಟುಕೊಳ್ಳಬೇಕು. ಎರಡು, ಸಾಧ್ಯವಿರುವವರು ಫೆಬ್ರವರಿಯನ್ನು ಆರಿಸಿಕೊಳ್ಳುವುದು ಮೇಲು. ಫೆಬ್ರವರಿ ಮಧ್ಯದಲ್ಲಿ ಸೂರ್ಯೋದಯ 7-15ರ ಹೊತ್ತಿಗೇ ಆದರೂ ಸೂರ್ಯಾಸ್ತ 6-30ರವರೆಗೆ ಮುಂದೆ ಹೋಗಿರುತ್ತದೆ. ಸಂಜೆ ಕಡೆ ಅರ್ಧ ಗಂಟೆಗೂ ಹೆಚ್ಚು ಸಿಗುತ್ತದೆ. ರಾತ್ರಿಯ ಚಳಿಯೂ ತಗ್ಗಿರುತ್ತದೆ.

ದಾರಿ ಹೇಗಿದೆ

ದಿಲ್ವಾರದಿಂದ ಹೊರಟರೆ ಸುಮಾರು 5–6 ಕಿಲೋಮೀಟರ್ ದೂರದಲ್ಲಿ ಓರಿಯಾ ಎಂಬ ಹಳ್ಳಿ. ಇಲ್ಲಿಯವರೆಗೆ ಏರು ಅಷ್ಟು ಕಷ್ಟದ್ದಲ್ಲ. ಡಾಂಬರು ರಸ್ತೆ ಬಂಡೆಗಳ ನಡುವೆ, ಚಿಕ್ಕ ಚಿಕ್ಕ ಹೊಲಗಳ ಅಂಚಿನಲ್ಲಿ ಏರಿಳಿಯುತ್ತ ಸಾಗುತ್ತದೆ. ಬೆಳಗ್ಗೆ ವಾಹನಗಳು ಕಡಿಮೆ. ಹತ್ತು ಗಂಟೆಯ ಮೇಲೆ ಪ್ರವಾಸಿಗರ ಜೀಪುಗಳು ಒಂದರ ಹಿಂದೊಂದು ಬರುತ್ತವೆ. ಎದುರಿನಿಂದ ಬರುವ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ, ಒಬ್ಬರ ಹಿಂದೆ ಒಬ್ಬರಾಗಿ ನಡೆಯುವುದು ಕ್ಷೇಮ. ಕಾಡಿನೊಳಗಿನ ಕಾಲುದಾರಿಗಳೂ ಇವೆ. ಅವು ವನ್ಯಧಾಮಕ್ಕೆ ಸೇರಿದವಾದ್ದರಿಂದ ಅರಣ್ಯ ಇಲಾಖೆಯ ಅನುಮತಿ ಮತ್ತು ದಾರಿ ಬಲ್ಲ ಸ್ಥಳೀಯರ ಜೊತೆ ಇಲ್ಲದೆ ಅಲ್ಲಿಗೆ ಇಳಿಯಬಾರದು.

ಓರಿಯಾದಲ್ಲಿ ಹಳೆಯ ಜಿನಮಂದಿರವೊಂದಿದೆ. ಜೀಪಿನಲ್ಲಿ ಹೋಗುವವರಿಗೆ ಇದು ಕಾಣುವುದೇ ಇಲ್ಲ. ನಡೆದು ಬಂದವರು ಇಲ್ಲಿ ದರ್ಶನ ಮಾಡಿ, ಕಾಲು ಗಂಟೆ ಕುಳಿತು ಮುಂದೆ ಸಾಗಬಹುದು. ಅಚಲಗಢದ ಕಡೆಗೆ ಹೋಗುವ ರಸ್ತೆ ಕವಲೊಡೆಯುವುದು ಈ ಭಾಗದಲ್ಲಿಯೇ.

ಮುಂದಿನ 6 ಕಿಲೋಮೀಟರಿನಲ್ಲಿ ನಿಜವಾದ ಏರು ಇದೆ. ರಸ್ತೆ ಸುತ್ತಿ ಸುತ್ತಿ ಹತ್ತುತ್ತದೆ. ಮರಗಳು ಗಿಡ್ಡವಾಗುತ್ತವೆ, ಗಾಳಿ ಹೆಚ್ಚುತ್ತದೆ. ಎತ್ತರ ಪ್ರತಿ ಸಾವಿರ ಮೀಟರ್ ಹೆಚ್ಚಿದಂತೆ ಉಷ್ಣತೆ ಸರಿಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ ಎಂಬ ಲೆಕ್ಕದಂತೆ, ಅಬು ರೋಡ್ ನಿಲ್ದಾಣಕ್ಕಿಂತ ಶಿಖರದಲ್ಲಿ ಒಂಬತ್ತು ಡಿಗ್ರಿಯಷ್ಟು ತಂಪು. ಗಾಳಿ ಬೀಸಿದರೆ ಇನ್ನೂ ಹೆಚ್ಚು ಅನ್ನಿಸುತ್ತದೆ. ನಡೆಯುವಾಗ ಬೆವರಿ, ಮೇಲೆ ನಿಂತಾಗ ನಡುಗುವುದು ಇಲ್ಲಿ ಸಾಮಾನ್ಯ. ಒಂದು ಒಣ ಅಂಗಿ, ಒಂದು ಗಾಳಿ ತಡೆಯುವ ಮೇಲಂಗಿ ಚೀಲದಲ್ಲಿರಲಿ.

ರಸ್ತೆ ಮುಗಿದ ಮೇಲೆ ಸುಮಾರು 300 ಮೆಟ್ಟಿಲುಗಳು. ಇಂದ್ರಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಲ್ಲಿ ಹತ್ತಿದ ಮನೆಮಂದಿಗೆ ಇದು ಹೆಚ್ಚಲ್ಲ. ಆದರೆ 12 ಕಿಲೋಮೀಟರ್ ನಡೆದ ಮೇಲೆ ಬರುವ ಮೆಟ್ಟಿಲು ಎಂಬುದನ್ನು ಮರೆಯಬಾರದು. ಈ ಎತ್ತರಕ್ಕೆ ಹಿಮಾಲಯದ ಕ್ಷೇತ್ರಗಳಲ್ಲಿ ಕಾಡುವ ಉಸಿರಾಟದ ತೊಂದರೆ ಆರೋಗ್ಯವಂತರಿಗೆ ಬರುವುದಿಲ್ಲ. ಹೃದಯ, ಮೊಣಕಾಲು, ಉಬ್ಬಸದ ತೊಂದರೆ ಇರುವ ಹಿರಿಯರು ಮೆಟ್ಟಿಲ ಬುಡದವರೆಗೆ ವಾಹನದಲ್ಲಿ ಬಂದು ಉಳಿದವರನ್ನು ಅಲ್ಲಿ ಕೂಡಿಕೊಳ್ಳುವುದು ಒಳ್ಳೆಯದು. ಇಳಿಯಲು ಬೇಕಾದ ಜೀಪು ಅದೇ ಆಗಿರಬಹುದು. ಶಿಖರದಲ್ಲಿ ಖಾಲಿ ವಾಹನ ಸಿಗುತ್ತದೆ ಎಂದು ನಂಬಿ ಹೋಗುವುದು ಸರಿಯಲ್ಲ, ಬೆಳಗ್ಗೆಯೇ ಗೊತ್ತುಮಾಡಿಕೊಳ್ಳಬೇಕು.

ಶಿಖರದಲ್ಲಿ

ತುದಿಯಲ್ಲಿರುವುದು ದತ್ತಾತ್ರೇಯರ ಗುಡಿ, ಪಕ್ಕದಲ್ಲೊಂದು ದೊಡ್ಡ ಗಂಟೆ. ಗುರು ಶಿಖರ ಎಂಬ ಹೆಸರು ಬಂದದ್ದು ದತ್ತ ಗುರುವಿನಿಂದ. 1822ರಲ್ಲಿ ಇಲ್ಲಿಗೆ ಹತ್ತಿದ ಕರ್ನಲ್ ಜೇಮ್ಸ್ ಟಾಡ್ ಬರೆದ ವರ್ಣನೆಯಿಂದ ಅಬು ಯುರೋಪಿನ ಓದುಗರಿಗೆ ಪರಿಚಯವಾಯಿತು. ಪಶ್ಚಿಮಕ್ಕೆ ನೋಡಿದರೆ ಬಯಲು ಮಬ್ಬಿನಲ್ಲಿ ಕರಗುತ್ತದೆ. ಪೂರ್ವಕ್ಕೆ ಅರಾವಳಿಯ ಸಾಲುಗಳು.

ಮೆಟ್ಟಿಲುಗಳಿಂದ ಕಾಣುವ ಇನ್ನೊಂದು ಗುಮ್ಮಟವನ್ನು ಮಕ್ಕಳಿಗೆ ತೋರಿಸಬೇಕು. ಅದು ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದ ಖಗೋಳ ವೀಕ್ಷಣಾಲಯ, ಸುಮಾರು 1,680 ಮೀಟರ್ ಎತ್ತರದಲ್ಲಿದೆ. ಆ ಪ್ರಯೋಗಾಲಯವನ್ನು 1947ರಲ್ಲಿ ಸ್ಥಾಪಿಸಿದವರು ಅಹಮದಾಬಾದಿನ ಜೈನ ಮನೆತನದಲ್ಲಿ ಹುಟ್ಟಿದ ಡಾ. ವಿಕ್ರಮ್ ಸಾರಾಭಾಯಿ, ಭಾರತದ ಬಾಹ್ಯಾಕಾಶ ಕಾರ್ಯಕ್ರಮಕ್ಕೆ ಅಡಿಪಾಯ ಹಾಕಿದವರು. ನಕ್ಷತ್ರಗಳಿಂದ ಬರುವ ಅವಕೆಂಪು ಕಿರಣಗಳನ್ನು ಗಾಳಿಯಲ್ಲಿನ ನೀರಾವಿ ಹೀರಿಬಿಡುತ್ತದೆ. ಆದ್ದರಿಂದ ಅಂಥ ದೂರದರ್ಶಕಕ್ಕೆ ಎತ್ತರವೂ ಬೇಕು, ಒಣ ಹವೆಯೂ ಬೇಕು. ಮಳೆಗಾಲ ಬಿಟ್ಟರೆ ಮರುಭೂಮಿಯ ಅಂಚಿನ ಈ ಶಿಖರದಲ್ಲಿ ಎರಡೂ ಇವೆ. ಇಲ್ಲಿನ 1.2 ಮೀಟರ್ ದೂರದರ್ಶಕಕ್ಕೆ ಜೋಡಿಸಿದ ‘ಪಾರಸ್’ ಎಂಬ ಉಪಕರಣದ ನೆರವಿನಿಂದ, ಸುಮಾರು 600 ಜ್ಯೋತಿರ್ವರ್ಷ ದೂರದ ಒಂದು ನಕ್ಷತ್ರವನ್ನು ಸುತ್ತುವ ಗ್ರಹವನ್ನು ವಿಜ್ಞಾನಿಗಳು ಗುರುತಿಸಿ 2018ರಲ್ಲಿ ಪ್ರಕಟಿಸಿದರು. ಅದರ ರಾಶಿ ಭೂಮಿಯ ಸುಮಾರು 27 ಪಟ್ಟು.

ಅಚಲಗಢ

ಇಳಿಯುವಾಗ ಬಲವಂತವಾಗಿಯಾದರೂ ಒಂದು ಗಂಟೆ ಉಳಿಸಿಕೊಳ್ಳಬೇಕಾದದ್ದು ಅಚಲಗಢಕ್ಕೆ. ಪರಮಾರರ ಕಾಲದ ಈ ಕೋಟೆಯನ್ನು ಮೇವಾಡದ ಮಹಾರಾಣಾ ಕುಂಭ 1452ರಲ್ಲಿ ಮತ್ತೆ ಕಟ್ಟಿಸಿದ. ಕೆಳಗೆ ಅಚಲೇಶ್ವರ ಮಹಾದೇವನ ದೇಗುಲ, ಮಂದಾಕಿನಿ ಕುಂಡ, ಅದರ ದಡದಲ್ಲಿ ಮೂರು ಕಲ್ಲಿನ ಕೋಣಗಳು. ಮೇಲೆ ಕೋಟೆಯೊಳಗೆ ಜಿನಮಂದಿರಗಳು. ತುದಿಯಲ್ಲಿರುವ ಚೌಮುಖ ಆದಿನಾಥ ಮಂದಿರದಲ್ಲಿ ನಾಲ್ಕು ದಿಕ್ಕಿಗೂ ಮುಖ ಮಾಡಿದ ಭಾರಿ ಲೋಹದ ಮೂರ್ತಿಗಳಿವೆ. ಇಲ್ಲಿನ ಹದಿನಾಲ್ಕು ಲೋಹಬಿಂಬಗಳ ಒಟ್ಟು ತೂಕ 1,444 ಮಣ ಎಂದು ಪರಂಪರೆ ಹೇಳುತ್ತದೆ. ದಿಲ್ವಾರದಲ್ಲಿ ಸದಾ ಇರುವ ಗುಂಪು ಇಲ್ಲಿರುವುದಿಲ್ಲ. ಸಾಮಾಯಿಕಕ್ಕೆ ಕುಳಿತುಕೊಳ್ಳಲು ಇದಕ್ಕಿಂತ ಶಾಂತವಾದ ಸ್ಥಳ ಅಬುವಿನಲ್ಲಿ ಸಿಗುವುದು ಕಷ್ಟ.

ನೀರು, ಬುತ್ತಿ, ಪಾದರಕ್ಷೆ

ಸೋಸಿದ ನೀರಿಗೆ ಒಂದು ಮುಹೂರ್ತದ, ಅಂದರೆ 48 ನಿಮಿಷದ ಮಿತಿಯನ್ನು ಪಾಲಿಸುವವರಿಗೆ ದಾರಿಯಲ್ಲಿ ಮತ್ತೆ ಮತ್ತೆ ಸೋಸುವುದು ತೊಡಕು. ಬೆಳಗ್ಗೆ ಕುದಿಸಿ ಆರಿಸಿದ ನೀರನ್ನು ಸ್ಟೀಲ್ ಬಾಟಲಿಗಳಲ್ಲಿ ಒಯ್ಯುವುದು ಸುಲಭ. ಒಬ್ಬರಿಗೆ ಕನಿಷ್ಠ ಎರಡು ಲೀಟರ್ ಇರಲಿ. ಒಣ ಹವೆಯಲ್ಲಿ ಬೆವರು ಕಾಣದೆಯೇ ಆರಿಹೋಗುತ್ತದೆ, ಬಾಯಾರಿಕೆ ತಡವಾಗಿ ತಿಳಿಯುತ್ತದೆ. ಏಕಾಸನ ಮಾಡಿದ ದಿನ ಈ ನಡಿಗೆ ಸಾಧ್ಯ, ಆದರೆ ಆ ಒಂದು ಊಟ ಶಿಖರದಲ್ಲಿಯೇ ಆಗುವಂತೆ ನೋಡಿಕೊಳ್ಳಬೇಕು. ನಿರ್ಜಲ ಉಪವಾಸದ ದಿನ ಹತ್ತುವುದು ಬೇಡ.

ಕಡಕ್ ಜೋಳದ ರೊಟ್ಟಿ, ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ, ತಂಬಿಟ್ಟು, ಬೆಲ್ಲ – ಉತ್ತರ ಕರ್ನಾಟಕದ ಮನೆಗಳ ಈ ಬುತ್ತಿ ಬೆಟ್ಟಕ್ಕೆ ಬಹಳ ಚೆನ್ನಾಗಿ ಒಗ್ಗುತ್ತದೆ. ಖಾಕ್ರಾ, ಥೇಪ್ಲಾಗಳು ಅಲ್ಲಿಯೇ ಸಿಗುತ್ತವೆ. ಮೆಟ್ಟಿಲ ಬದಿಯ ಅಂಗಡಿಗಳ ತಿಂಡಿಯಲ್ಲಿ ಆಲೂಗಡ್ಡೆ, ಈರುಳ್ಳಿ ಇಲ್ಲದ್ದು ಅಪರೂಪ. ಸಂಜೆಯ ಊಟಕ್ಕೆ ದಿಲ್ವಾರದ ಜೈನ ಭೋಜನಶಾಲೆಯಲ್ಲಿ ಬೆಳಗ್ಗೆಯೇ ಹೇಳಿ, ಬಡಿಸುವ ಸಮಯವನ್ನು ಕೇಳಿಕೊಂಡು ಹೊರಡಬೇಕು. ದಿಲ್ವಾರ ಮಂದಿರದೊಳಗೆ ಚರ್ಮದ ಬೆಲ್ಟು, ಪರ್ಸು ಒಯ್ಯುವಂತಿಲ್ಲ, ಛಾಯಾಚಿತ್ರ ತೆಗೆಯುವಂತಿಲ್ಲ. ಬಟ್ಟೆ ಮತ್ತು ರಬ್ಬರಿನ, ಹಿಡಿತ ಚೆನ್ನಾಗಿರುವ ಬೂಟುಗಳು ಮಂದಿರಕ್ಕೂ ದಾರಿಗೂ ಸರಿಹೋಗುತ್ತವೆ.

ದಯೆಯ ಹೆಸರಿನಲ್ಲಿ ಆಗಬಾರದ್ದು

ಅಬು ಪರ್ವತ 1960ರಿಂದ ವನ್ಯಧಾಮ. 2009ರಲ್ಲಿ ಇದನ್ನು ಪರಿಸರ ಸೂಕ್ಷ್ಮ ವಲಯವೆಂದು ಕೇಂದ್ರ ಸರ್ಕಾರ ಘೋಷಿಸಿತು. ಕರಡಿ, ಚಿರತೆ, ಮುಸುವ ಇಲ್ಲಿವೆ. ಜಗತ್ತಿನಲ್ಲಿ ವಿರಳವಾಗಿರುವ, ಭಾರತದಲ್ಲಿ ಮಾತ್ರ ಕಾಣುವ ಹಸಿರು ಮುನಿಯ ಹಕ್ಕಿಗೆ ಉಳಿದಿರುವ ಕೆಲವೇ ನೆಲೆಗಳಲ್ಲಿ ಇದೂ ಒಂದು. ಹಿಂದೆ ಪಂಜರದ ವ್ಯಾಪಾರಕ್ಕಾಗಿ ಬಲೆ ಹಾಕಿ ಹಿಡಿದದ್ದರಿಂದ ಇದರ ಸಂಖ್ಯೆ ಕುಸಿಯಿತು. ಓರಿಯಾ, ಅಚಲಗಢಗಳ ಹೊಲದಂಚಿನ ಪೊದೆಗಳಲ್ಲಿ ತಾಳ್ಮೆಯಿಂದ ನೋಡಿದವರಿಗೆ ಈ ಹಕ್ಕಿ ಕಾಣಸಿಗುತ್ತದೆ.

ಯಾತ್ರಿಕರು ಕರುಣೆಯಿಂದಲೇ ಮಾಡುವ ಒಂದು ಕೆಲಸ ಇಲ್ಲಿ ಹಿಂಸೆಗೆ ಕಾರಣವಾಗುತ್ತಿದೆ. ಮುಸುವಗಳಿಗೆ ಬಾಳೆಹಣ್ಣು, ಬಿಸ್ಕತ್ತು, ಕಡಲೆ ಹಾಕುವುದು ಜೀವದಯೆ ಎಂದು ಅನೇಕರು ನಂಬುತ್ತಾರೆ. ಪರಿಣಾಮ ಬೇರೆಯೇ. ಎಲೆ, ಕಾಯಿ ತಿಂದು ಬದುಕುವ ಪ್ರಾಣಿ ರಸ್ತೆಗೆ ಬಂದು ಕಾಯುತ್ತದೆ, ವಾಹನಕ್ಕೆ ಸಿಕ್ಕು ಸಾಯುತ್ತದೆ, ಕೈಯಲ್ಲಿ ಚೀಲ ಕಂಡರೆ ಕಸಿಯಲು ಬರುತ್ತದೆ. ಎಸೆದ ಊಟದ ವಾಸನೆಗೆ ಕರಡಿಗಳು ಜನವಸತಿಗೆ ಬರುವುದು ಮೌಂಟ್ ಅಬುವಿನಲ್ಲಿ ಹೊಸ ಸುದ್ದಿಯಲ್ಲ. ಹಾಗೆ ಬಂದ ಕರಡಿಗೂ ಅದರೆದುರು ಸಿಕ್ಕ ಮನುಷ್ಯರಿಗೂ ಆಗುವ ಅಪಾಯದಲ್ಲಿ ಆ ಅನ್ನ ಎಸೆದವರ ಪಾಲೂ ಇದೆ. ಕಾಡಿನ ಪ್ರಾಣಿಗಳಿಗೆ ತಿನಿಸು ಹಾಕುವುದು ಅರಣ್ಯ ಇಲಾಖೆಯ ನಿಯಮಕ್ಕೂ ವಿರುದ್ಧ. ಅವುಗಳಿಗೆ ಏನನ್ನೂ ಕೊಡದಿರುವುದು, ಏನನ್ನೂ ಬಿಟ್ಟು ಬರದಿರುವುದು ಇಲ್ಲಿ ಮಾಡಬಹುದಾದ ದೊಡ್ಡ ಅಭಯದಾನ. ಹಣ್ಣಿನ ಸಿಪ್ಪೆಯೂ ಚೀಲದಲ್ಲಿಯೇ ಹಿಂದಿರುಗಲಿ.

ಕರಡಿ, ಚಿರತೆಗಳು ಹೆಚ್ಚು ಓಡಾಡುವುದು ಸಂಜೆಯಿಂದ ಮುಂಜಾನೆಯವರೆಗೆ. ಹಗಲು ನಡೆಯುವ ಗುಂಪಿಗೆ ಸಾಮಾನ್ಯವಾಗಿ ಇವುಗಳಿಂದ ತೊಂದರೆಯಿಲ್ಲ. ಸೂರ್ಯಾಸ್ತದ ಲೆಕ್ಕ ಇಲ್ಲಿ ಮತ್ತೆ ಮುಖ್ಯವಾಗುತ್ತದೆ. ಮುನಿಗಳ ಈರ್ಯಾಸಮಿತಿಯ ನಿಯಮವೂ ಹಗಲಿನದೇ: ಸೂರ್ಯನ ಬೆಳಕಿನಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ, ಜೀವಿಗಳ ಮೇಲೆ ಕಾಲು ಬೀಳದಂತೆ ನಡೆಯುವುದು. ಗೃಹಸ್ಥರಿಗೆ ಅದು ಕಡ್ಡಾಯವಲ್ಲ. ಆದರೆ ಒಂದು ದಿನದ ಮಟ್ಟಿಗೆ ಹಾಗೆ ನಡೆದರೆ, ಜೀವನವಿಡೀ ವಿಹಾರ ಮಾಡುವ ಮುನಿ, ಆರ್ಯಿಕೆಯರ ಚರ್ಯೆ ಎಂಥದೆಂದು ಮಕ್ಕಳಿಗೆ ಪಾಠವಿಲ್ಲದೆಯೇ ತಿಳಿಯುತ್ತದೆ. ಮಳೆಗಾಲದಲ್ಲಿ ಈ ನಡಿಗೆಯನ್ನು ಕೈಬಿಡಲೂ ಇದೇ ಕಾರಣ ಸಾಕು. ಆಗ ನೆಲವೆಲ್ಲ ಹುಳು, ಕಪ್ಪೆ, ಮೊಳಕೆಗಳಿಂದ ತುಂಬಿರುತ್ತದೆ, ಮೆಟ್ಟಿಲುಗಳು ಪಾಚಿಗಟ್ಟಿ ಜಾರುತ್ತವೆ, ಶಿಖರ ಮೋಡದೊಳಗಿರುತ್ತದೆ. ಚಾತುರ್ಮಾಸ ಮುಗಿದು ಕಾರ್ತಿಕ ಹುಣ್ಣಿಮೆ ಕಳೆದ ಮೇಲೆ ಹೊರಡುವ ಹಳೆಯ ವಾಡಿಕೆ ಈ ಬೆಟ್ಟಕ್ಕೂ ಒಪ್ಪುತ್ತದೆ.

ಹೋಗುವುದು ಹೇಗೆ

ಬೆಂಗಳೂರಿನಿಂದ ಹುಬ್ಬಳ್ಳಿ, ಪುಣೆ, ಅಹಮದಾಬಾದ್ ಮಾರ್ಗವಾಗಿ ಜೋಧ್‌ಪುರದ ಕಡೆಗೆ ಹೋಗುವ ರೈಲುಗಳು ಅಬು ರೋಡಿನಲ್ಲಿ ನಿಲ್ಲುತ್ತವೆ. ಸಿರೋಹಿ, ಜಾಲೋರ್, ಪಾಲಿ ಜಿಲ್ಲೆಗಳಿಂದ ಬಂದು ಬೆಂಗಳೂರು, ಹುಬ್ಬಳ್ಳಿಗಳಲ್ಲಿ ನೆಲೆಸಿದ ಶ್ವೇತಾಂಬರ ಕುಟುಂಬಗಳಿಗೆ ಇದು ಊರಿಗೆ ಹೋಗುವ ರೈಲು. ವಿಮಾನದಲ್ಲಿ ಹೋಗುವವರು ಉದಯಪುರ ಅಥವಾ ಅಹಮದಾಬಾದಿನಲ್ಲಿ ಇಳಿದು ರಸ್ತೆಯಲ್ಲಿ ಸಾಗಬೇಕು. ಅಬು ರೋಡಿನಿಂದ ಬೆಟ್ಟದ ಮೇಲಕ್ಕೆ ಬಸ್ಸು, ಟ್ಯಾಕ್ಸಿಗಳಿವೆ.

ಡಿಸೆಂಬರ್, ಜನವರಿಯ ಕೆಲವು ರಾತ್ರಿಗಳಲ್ಲಿ ಉಷ್ಣತೆ ಸೊನ್ನೆಗೆ ಇಳಿದು, ಬಯಲಲ್ಲಿ ನಿಲ್ಲಿಸಿದ ವಾಹನಗಳ ಮೇಲೆ ಮಂಜುಗಡ್ಡೆಯ ಪದರ ಕಟ್ಟುತ್ತದೆ. ಬೆಚ್ಚನೆಯ ಬಟ್ಟೆ ಕರ್ನಾಟಕದ ಅಂದಾಜಿನಲ್ಲಿ ಸಾಲದು. ಕನಿಷ್ಠ ಎರಡು ರಾತ್ರಿಯ ವಸತಿಯನ್ನು ದಿಲ್ವಾರದ ಸಮೀಪವೇ ಕಾದಿರಿಸಿಕೊಳ್ಳಬೇಕು. ಮೊದಲ ದಿನ ಮಧ್ಯಾಹ್ನ ದಿಲ್ವಾರ, ಎರಡನೆಯ ದಿನ ನಡಿಗೆ. ಹೊರಡುವ ಹಿಂದಿನ ಸಂಜೆ ಅಲ್ಲಿನ ಪಂಚಾಂಗದಲ್ಲಿ ಮರುದಿನದ ಸೂರ್ಯೋದಯ, ಸೂರ್ಯಾಸ್ತಗಳನ್ನು ನೋಡಿ ಒಂದು ಚೀಟಿಯಲ್ಲಿ ಬರೆದುಕೊಳ್ಳಬೇಕು. ಮಧ್ಯಾಹ್ನ 1-30ಕ್ಕೆ ಎಲ್ಲಿದ್ದರೆ ಅಲ್ಲಿಂದಲೇ, ಶಿಖರ ಕಣ್ಣೆದುರಿಗೇ ಇದ್ದರೂ, ಜೀಪಿಗೆ ಕರೆ ಮಾಡಿ ಹಿಂದಿರುಗುವುದು ಎಂದು ಮನೆಯ ಹಿರಿಯರು ಮೊದಲೇ ತೀರ್ಮಾನಿಸಿ ಎಲ್ಲರಿಗೂ ತಿಳಿಸಿರಬೇಕು. ಶಿಖರ ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ.